ನೆಹೆಮೀಯನ ದೃಢಸಂಕಲ್ಪವು

(ಓದತಕ್ಕ ಭಾಗ: ನೆಹೆಮೀಯನ ಪುಸ್ತಕ, 1ರಿಂದ 6ನೆಯ ಅಧ್ಯಾಯಗಳು)

ಕಾರ್ಯವನ್ನು ಉತ್ಸಾಹದಿಂದ ಆರಂಭಿಸುವವರು ನಮ್ಮ ಸಭೆಗಳಲ್ಲಿ ಅನೇಕರು. ಕಡೆಯ ವರೆಗೆ ನಡಿಸುವವರು ಕೆಲವರೇ. ಹಣವೂ ಬಲವೂ ಸಾಲದೆ ಹೋಯಿತೆಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಮನಸ್ಸು ಎರಡಾಗಿರುವುದೇ ಬಹಳ ಸಾರಿ ನಿಜವಾದ ಕಾರಣವು. ನೆಹೆಮೀಯನ ಚರಿತ್ರೆಯಿಂದ ಇದನ್ನು ಕಲಿಯೋಣ.

1. ಆತನ ಗುರಿಯು ಸ್ಪಷ್ಟವಾಗಿತ್ತು. ನೆಹೆಮೀಯನು ಶೂಷನ್ ಕೋಟೆಯಲ್ಲಿ ಪಾರಸಿಯ ಅರಸನಾದ ಅರ್ತಷಸ್ತನ ಪಾನಸೇವಕನು. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಲುಗಳು ಸುಟ್ಟುಹೋಗಿವೆ ಎಂಬ ವರ್ತಮಾನವನ್ನು ಕೇಳಿ ಅತ್ತು, ಉಪವಾಸವಿದ್ದು, ಕೆಲವು ತಿಂಗಳು ಪ್ರಾರ್ಥಿಸಿದನು. ಕ್ರಿ. ಪೂ. 445ರಲ್ಲಿ ಅರಸನು ಆತನ ಅಪೇಕ್ಷೆಯನ್ನು ಕೇಳಿದಾಗ ತಡವರಿಸಲಿಲ್ಲ. ಎಷ್ಟು ಕಾಲ ಬೇಕು, ಯಾರಿಗೆ ಪತ್ರಗಳು ಬೇಕು, ಮರವು ಎಲ್ಲಿಂದ ದೊರೆಯಬೇಕು ಎಂಬುದನ್ನೆಲ್ಲಾ ತಿಳಿಸಿದನು. ಪ್ರಾರ್ಥನೆಯೊಡನೆ ಯೋಚನೆಯೂ ಪಕ್ವವಾಗಿತ್ತೆಂದು ಇದರಿಂದ ತೋರುತ್ತದೆ.

2. ಆತನ ಕ್ರಮವು ಒಳ್ಳೇದಾಗಿತ್ತು. ಯೆರೂಸಲೇಮಿಗೆ ಬಂದು ಮೂರು ದಿನಗಳಾದ ಮೇಲೆ ರಾತ್ರಿಯಲ್ಲಿ ಗೋಡೆಯನ್ನು ನೋಡಿಬಂದನು. ಆ ಮೇಲೆಯೇ ಜನರೊಡನೆ ಮಾತಾಡಿದನು. ಅನೇಕರು ತಮ್ಮ ತಮ್ಮ ಮನೆಯ ಎದುರಿಗಿದ್ದ ಭಾಗವನ್ನು ಕಟ್ಟಿದರು. ಅಕ್ಕಸಾಲಿಗರೂ ವರ್ತಕರೂ ಕಟ್ಟಿದರು. ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳೊಡನೆ ಕಟ್ಟಿದನು. ಒಬ್ಬೊಬ್ಬರ ಪಾಲು ಚಿಕ್ಕದು, ಗೋಡೆಯು ದೊಡ್ಡದು.

3. ಆತನ ಮನಸ್ಸು ಕದಲಲಿಲ್ಲ. ಶತ್ರುಗಳು ಮೊದಲು ನಕ್ಕರು, ತರುವಾಯ ಬೆದರಿಸಿದರು, ಕಡೆಗೆ ಸ್ನೇಹದ ಮಾತಿನಿಂದ ಓನೋ ಬೈಲಿಗೆ ನಾಲ್ಕು ಸಾರಿ ಕರೆದರು. ನಾಲ್ಕು ಸಾರಿಯೂ ಆತನು ಒಂದೇ ಉತ್ತರ ಕೊಟ್ಟು ಕೆಲಸವನ್ನು ಬಿಡಲಿಲ್ಲ. 52 ದಿನಗಳಲ್ಲಿ ಗೋಡೆಯು ಮುಗಿಯಿತು.

ನಮ್ಮ ಬಿದ್ದ ಗೋಡೆ ಯಾವದು? ಒಬ್ಬನಿಗೆ ಸಾಹುಕಾರನ ಸಾಲ, ಒಬ್ಬನಿಗೆ ಹೆಂಡದ ಅಭ್ಯಾಸ, ಒಬ್ಬಳಿಗೆ ಸತ್ಯವೇದವನ್ನು ಓದಲಾರದ ಕೊರತೆ. ಸಾಲ ತೀರಿದರೆ ಒಳ್ಳೇದೆಂಬುದು ಬರೀ ಆಶೆ. ಸುಗ್ಗಿಯ ಹಣದಲ್ಲಿ ಇಷ್ಟು ರೂಪಾಯಿ ಮೊದಲು ಸಾಲಕ್ಕೆ, ಉಳಿದದ್ದರಲ್ಲೇ ಮಗಳ ಮದುವೆ ಎಂಬುದು ಸಂಕಲ್ಪ. ಆಗ ಬಂಧುಗಳು ನಗುವರು. ಇನ್ನಷ್ಟು ಸಾಲ ತೆಗೆದು ಊರು ಮೆಚ್ಚುವಂತೆ ಮದುವೆ ಮಾಡೆಂದು ಪ್ರೀತಿಯಿಂದಲೇ ಕರೆಯುವರು. ಅದೇ ನಮ್ಮ ಓನೋ ಬೈಲು. ನಾಲ್ಕನೆಯ ಸಾರಿಯೂ ಹೋಗದಿರುವವನು ಧನ್ಯನು.

ಗೋಡೆ ಮುಗಿದಾಗ ಇದು ದೇವರಿಂದಾದ ಕಾರ್ಯವೆಂದು ಶತ್ರುಗಳೂ ತಿಳಿದುಕೊಂಡರು. ನಮ್ಮ ಸಂಕಲ್ಪವೂ ಪ್ರಾರ್ಥನೆಯಲ್ಲಿ ಹುಟ್ಟಿ ಆತನ ಮಹಿಮೆಗೇ ಸಲ್ಲಲಿ.

ಮನೆಯ ಆರಾಧನೆಗೆ ಪ್ರಶ್ನೆಗಳು: (1) ಈ ವರುಷ ನಾವು ಕಟ್ಟಿ ಮುಗಿಸತಕ್ಕ ಒಂದು ಕಾರ್ಯ ಯಾವದು? (2) ಅದರಿಂದ ನಮ್ಮನ್ನು ಇಳಿಸುವ ಕರೆ ಎಲ್ಲಿಂದ ಬರುತ್ತದೆ?