ಪದವಿಯ ನಂತರ ವಿಮಾನ ಚಾಲಕ ವೃತ್ತಿ

ಪದವಿ ಪರೀಕ್ಷೆ ಹತ್ತಿರವಾದಂತೆಲ್ಲ ‘ಮುಂದೇನು?’ ಎಂಬ ಪ್ರಶ್ನೆ ವಿದ್ಯಾರ್ಥಿಯ ಬೆನ್ನು ಬಿಡದು. ಉಪಾಧ್ಯಾಯ ವೃತ್ತಿ, ಬ್ಯಾಂಕು, ಸರಕಾರಿ ಕಚೇರಿ ಇವುಗಳಾಚೆಗೆ ನಮ್ಮ ಕಲ್ಪನೆ ಹರಿಯುವುದು ಅಪರೂಪ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಇಂದು ರೈಲು ಕೂಡ ಇಲ್ಲ; ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಬರುತ್ತಿದ್ದ ಕಿರುರೈಲು ಕಥೆಯಾಗಿ ಉಳಿದಿದೆ. ಇಂಥಲ್ಲಿ ವಿಮಾನದ ಮಾತೆಲ್ಲಿ ಎಂದು ನಗುವವರಿದ್ದಾರೆ. ಆದರೆ 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಪ್ರಯಾಣಿಕರ ಮೊದಲ ವಿಮಾನ ಬಂದಿಳಿಯಿತು. ಆ ನಿಲ್ದಾಣಕ್ಕಿಟ್ಟ ಹೆಸರು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರದು. ಆದ್ದರಿಂದ ಈ ವೃತ್ತಿಯ ವಿಚಾರವನ್ನು ತಿಳಿದಿಡುವುದು ಅಪ್ರಸ್ತುತವಾಗಲಾರದು.

ಸಂಬಳ ಪಡೆದು ವಿಮಾನ ನಡೆಸಬೇಕಾದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಬೇಕು. ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. ಪದವಿ ಬೇಕೆಂಬ ನಿಯಮವಿಲ್ಲ. ಆದರೆ ದ್ವಿತೀಯ ಪಿ.ಯು.ಸಿ. ಮಟ್ಟದಲ್ಲಿ ಭೌತಶಾಸ್ತ್ರ ಮತ್ತು ಗಣಿತ ತೇರ್ಗಡೆಯಾಗಿರಬೇಕೆಂಬ ನಿಯಮ ಬಹುಕಾಲದಿಂದ ನಡೆದು ಬಂದಿದೆ. ಕಲಾ ವಿದ್ಯಾರ್ಥಿಗಳಾದ ನಮಗೆ ಎದುರಾಗುವ ಮೊದಲ ಬಾಗಿಲು ಇದೇ. ಬಾಗಿಲು ಮುಚ್ಚಿದೆಯೇ ಹೊರತು ಬೀಗ ಬಿದ್ದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಈ ಎರಡು ವಿಷಯಗಳನ್ನು ಬರೆದು ತೇರ್ಗಡೆಯಾದವರಿದ್ದಾರೆ. ನಿಯಮವನ್ನು ಸಡಿಲಿಸುವ ಪ್ರಸ್ತಾಪವೂ 2025ರಲ್ಲಿ ಕೇಳಿಬಂದಿತ್ತು; ಅರ್ಜಿ ಹಾಕುವ ಮುನ್ನ ಅಂದಿನ ನಿಯಮವನ್ನು ನೋಡಿಕೊಳ್ಳುವುದು ಲೇಸು.

ಎರಡನೆಯದು ದೇಹ ಪರೀಕ್ಷೆ. ಮೊದಲು ಎರಡನೆಯ ದರ್ಜೆಯ, ಅನಂತರ ಒಂದನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಪಡೆಯಬೇಕು. ಕನ್ನಡಕವಿದ್ದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ. ಆದರೆ ಬಣ್ಣಗಳನ್ನು ಗುರುತಿಸುವ ಶಕ್ತಿ ಸರಿಯಿರಬೇಕು. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಲ್ಲಿ ಈ ಪರೀಕ್ಷೆ ನಡೆಯುತ್ತದೆ.

ಮೂರನೆಯದು ಓದು. ವಾಯುಮಾರ್ಗ ನಿರ್ಣಯ, ಹವಾಮಾನ, ವಿಮಾನಯಾನದ ಕಾಯಿದೆ, ವಿಮಾನದ ತಾಂತ್ರಿಕ ವಿಷಯಗಳು ಇವುಗಳಲ್ಲಿ ನೂರಕ್ಕೆ 70 ಅಂಕ ಬರಬೇಕು. ರೇಡಿಯೋ ಸಂಭಾಷಣೆಯ ಪರೀಕ್ಷೆ ಬೇರೆ. ಇವು ಕಲಾ ವಿದ್ಯಾರ್ಥಿಗೆ ಎಟುಕದವೆಂದು ಭಾವಿಸಬೇಕಾಗಿಲ್ಲ. ಅರಬ್ಬೀ ಸಮುದ್ರದಿಂದ ಬಂದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು, ಆಗುಂಬೆಯಲ್ಲಿ ಸುರಿಯುತ್ತದೆ. ಪೂರ್ವಕ್ಕೆ ಸರಿದಂತೆ ತರೀಕೆರೆಯ ಕಡೆಗೆ ಮಳೆ ಕಡಿಮೆಯಾಗುತ್ತದೆ. ಭೂಗೋಳದಲ್ಲಿ ನಾವು ಓದಿದ ಈ ಪಾಠವೇ ಹವಾಮಾನ ಪತ್ರಿಕೆಯ ಅಡಿಪಾಯಗಳಲ್ಲೊಂದು.

ನಾಲ್ಕನೆಯದು ಹಾರಾಟ. ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ಮುಖ್ಯ ಚಾಲಕನಾಗಿರಬೇಕು. ರಾತ್ರಿಯ ಹಾರಾಟ, ಉಪಕರಣಗಳನ್ನೇ ನಂಬಿ ನಡೆಸುವ ಹಾರಾಟ, ದೂರದ ಊರುಗಳಿಗೆ ಹೋಗಿಬರುವ ಹಾರಾಟ ಇವೂ ಸೇರಿರಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಕರ್ನಾಟಕ ಸರಕಾರದ ವೈಮಾನಿಕ ತರಬೇತಿ ಶಾಲೆಯಿದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಿದೆ.

ಇನ್ನು ಹಣದ ಮಾತು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲಿಗ. ಆದ್ದರಿಂದ ಇದನ್ನು ಮುಚ್ಚಿಡದೆ ಬರೆಯುತ್ತೇನೆ. ಈ ತರಬೇತಿಗೆ ಹಲವು ಕಡೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಬೇಕು. ದೊಡ್ಡ ಜೆಟ್ ವಿಮಾನದ ವಿಶೇಷ ತರಬೇತಿಗೆ ಮತ್ತೆ ಕೆಲವು ಲಕ್ಷ. 7.5 ಲಕ್ಷಕ್ಕೆ ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಧಾರ ಕೇಳುತ್ತವೆ. ನಮ್ಮಲ್ಲಿ ಆಧಾರವೆಂದರೆ ಅಡಿಕೆ ತೋಟ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಸೊರಗಿದ ತೋಟವನ್ನು ಮಗನ ರೆಕ್ಕೆಗಾಗಿ ಅಡವಿಡುವುದು ಸಣ್ಣ ನಿರ್ಧಾರವಲ್ಲ. ಲೈಸೆನ್ಸ್ ಬಂದೊಡನೆ ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದಾಗ ಅನುಭವಿ ಚಾಲಕರೇ ಬೀದಿಗೆ ಬಿದ್ದರು. ಇನ್ನೊಂದೆಡೆ 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಈ ವೃತ್ತಿಯಲ್ಲಿ ಏರಿಳಿತ ಸಹಜ.

ಹಾಗಾದರೆ ಬಡವರ ಮಕ್ಕಳು ಆಸೆ ಬಿಡಬೇಕೆ? ಬೇಡ; ಆದರೆ ಹೆಜ್ಜೆಗಳ ಕ್ರಮ ಸರಿಯಿರಲಿ. ಕೊನೆಗಾರನು ಹಗ್ಗವನ್ನು ಎಳೆದು ನೋಡಿಯೇ ಮರ ಹತ್ತುತ್ತಾನೆ. ಕಡಿಮೆ ಖರ್ಚಿನ ಪರೀಕ್ಷೆಗಳನ್ನು ಮೊದಲು ಮುಗಿಸಬೇಕು. ಮೊದಲು ದೇಹ ಪರೀಕ್ಷೆ. ಅಲ್ಲಿ ಅನರ್ಹತೆ ಕಂಡರೆ ತೋಟ ಉಳಿಯಿತು. ಅನಂತರ ಭೌತಶಾಸ್ತ್ರ ಮತ್ತು ಗಣಿತ. ಆಮೇಲೆ ಮಹಾನಿರ್ದೇಶನಾಲಯದ ಲಿಖಿತ ಪರೀಕ್ಷೆಗಳು. ಇವೆಲ್ಲವನ್ನೂ ಗೆದ್ದ ಮೇಲೆ ಮಾತ್ರ ವಿದ್ಯಾರ್ಥಿವೇತನ, ಶುಲ್ಕ ರಿಯಾಯಿತಿ, ಸಾಲ ಇವುಗಳ ವಿಚಾರಣೆ. ಬಿ.ಎ. ಪದವಿಯು ಈ ದಾರಿಯಲ್ಲಿ ಅರ್ಹತೆಯಲ್ಲದಿದ್ದರೂ, ಕಾಯಬೇಕಾದ ವರ್ಷಗಳಲ್ಲಿ ಅನ್ನ ಕೊಡುವ ಆಸರೆಯಾದೀತು.

ಸೋದರಿಯರೂ ಹಿಂಜರಿಯಬೇಕಾಗಿಲ್ಲ. 2021ರ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ವಿಮಾನ ತಂದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ತಂಡ.

ಕೊನೆಯದಾಗಿ ಒಂದು ಮಾತು. 2010ರ ಮೇ 22ರಂದು ಮಂಗಳೂರಿನಲ್ಲಿ ನಡೆದ ದುರಂತದಲ್ಲಿ 158 ಮಂದಿ ತೀರಿಕೊಂಡರು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಚಾಲಕರು ಮೂರು ಬಾರಿ ಹೇಳಿದರೂ ಮುಖ್ಯ ಚಾಲಕರು ಇಳಿಸುವುದನ್ನೇ ಮುಂದುವರಿಸಿದರೆಂದು ತನಿಖೆ ತಿಳಿಸಿತು. ಚಾಲಕನಿಗೆ ಧೈರ್ಯ ಬೇಕು, ನಿಜ. ಕಿರಿಯರ ಮಾತಿಗೂ ಕಿವಿಗೊಡುವ, ಹಿಡಿದ ಹಟವನ್ನು ಸಕಾಲದಲ್ಲಿ ಬಿಡುವ ವಿವೇಕ ಅದಕ್ಕಿಂತ ಹೆಚ್ಚು ಬೇಕು. ಅದನ್ನು ಕಲಿಯಲು ವಿಮಾನವೇರುವತನಕ ಕಾಯಬೇಕಾಗಿಲ್ಲ. ನಮ್ಮ ತರಗತಿಯಲ್ಲೇ ಮೊದಲುಮಾಡಬಹುದು.

— ಅಂತಿಮ ಬಿ.ಎ. ವಿದ್ಯಾರ್ಥಿ