ಫ್ಯಾನ್ ತಿರುಗಿದರೆ ಸಾಲದು

ಮಲೆನಾಡಿನಲ್ಲಿ ಶಾಲೆ ಬಾಗಿಲು ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ತೀರ್ಥಹಳ್ಳಿ ಸುತ್ತಮುತ್ತ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ಜೂನ್‌ನಲ್ಲಿ ಬರುವ ಫೋನುಗಳದ್ದೆಲ್ಲ ಒಂದೇ ದೂರು: ‘ಆನ್ ಆಗ್ತದೆ, ಫ್ಯಾನ್ ತಿರುಗ್ತದೆ, ಡಿಸ್‌ಪ್ಲೇ ಮಾತ್ರ ಬರೋದಿಲ್ಲ.’ ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ, ‘ಬೋರ್ಡ್ ಹೋಗಿದೆಯಂತೆ.’ ಕ್ಯಾಬಿನೆಟ್ಟಿನ ಬಾಗಿಲನ್ನೂ ತೆಗೆಯದೆ ಯಾರೋ ಕೊಟ್ಟ ಈ ತೀರ್ಪು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೋರ್ಡ್ ಹೋಗಿದೆ ಎಂದರೆ ಹಳೆಯ ಯಂತ್ರ ಗುಜರಿಗೆ, ಹೊಸದಕ್ಕೆ ಸಾಲ. ಎಷ್ಟೋ ಸಲ ಅದರ ಅಗತ್ಯವೇ ಇರುವುದಿಲ್ಲ.

ಫ್ಯಾನ್ ತಿರುಗಿತು ಅಂದರೆ ಎಸ್‌ಎಂಪಿಎಸ್ ಕರೆಂಟ್ ಕೊಡುತ್ತಿದೆ ಎಂದಷ್ಟೇ ಅರ್ಥ. ಅಲ್ಲಿಂದ ಮುಂದೆ ಪ್ರೊಸೆಸರ್ ಎಚ್ಚರಾಗಬೇಕು, ಬಯೋಸ್ ಓದಿಕೊಳ್ಳಬೇಕು, ರ‍್ಯಾಮ್ ಸಿಗಬೇಕು, ಗ್ರಾಫಿಕ್ಸ್ ಕೈಗೆಟುಕಬೇಕು. ಪೋಸ್ಟ್ ಎನ್ನುವ ಈ ಸ್ವಯಂ ತಪಾಸಣೆ ಮುಂದೆ ಸಾಗಿದರೆ ಮಾತ್ರ ಪರದೆಗೆ ಏನಾದರೂ ಹೋಗುತ್ತದೆ. ನಡುವೆ ಎಲ್ಲಿ ಎಡವಿದರೂ ಹೊರಗೆ ಕಾಣುವುದು ಅದೇ ಕಪ್ಪು ಪರದೆ.

ಆದ್ದರಿಂದ ನಾನು ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡುತ್ತೇನೆ. ಅದರ ದೀಪ ಹತ್ತಿ ಆರಿದರೆ ಒಳಗಿನ ಕೆಲಸ ನಡೆದಿದೆ, ತೊಂದರೆ ಪರದೆಯ ಕಡೆಗೆ ಇರಬಹುದು. ಮಾನಿಟರ್ ‘ನೋ ಸಿಗ್ನಲ್’ ಎಂದು ಬರೆದು ತೋರಿಸಿದರೆ ಮಾನಿಟರ್ ಬದುಕಿದೆ. ಕೇಬಲ್, ಕನ್ವರ್ಟರ್, ಇನ್‌ಪುಟ್ ಆಯ್ಕೆ ಇವನ್ನು ನೋಡಬೇಕು. ಅಕ್ಷರವೂ ಇಲ್ಲದೆ ಪೂರ್ತಿ ಕತ್ತಲಾಗಿದ್ದರೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್. ಇನ್ನು ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಗಳಲ್ಲಿ, ಸಾರಿಸುವಾಗ ಒರೆಸುವಾಗ ಬಿಚ್ಚಿದ ಕೇಬಲ್ಲನ್ನು ಕಾರ್ಡಿನ ಬದಲು ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿರುತ್ತಾರೆ. ಐ5-12400ಎಫ್ ತರಹದ, ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರಿನೊಳಗೆ ಗ್ರಾಫಿಕ್ಸೇ ಇರುವುದಿಲ್ಲ. ಬೋರ್ಡಿನ ತೂತಿನಿಂದ ಚಿತ್ರ ಬರುವುದಾದರೂ ಹೇಗೆ?

ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ಇಂಥ ಯಂತ್ರಗಳಲ್ಲಿ ಬಹುಪಾಲಿನ ತೊಂದರೆ ರ‍್ಯಾಮ್ ಕೂತ ಜಾಗದಲ್ಲೇ. ಪೇಟೆಯ ಒಂದು ಪ್ರೆಸ್ಸಿನ ಯಜಮಾನರು ಗಣೇಶೋತ್ಸವದ ರಸೀದಿ ಪುಸ್ತಕದ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಕ್ಯಾಬಿನೆಟ್ ಹೊತ್ತು ತಂದಿದ್ದರು. ‘ಹೊಸ ಬೋರ್ಡಿಗೆ ಎಷ್ಟಾಗ್ತದೆ ಹೇಳಿ ಮಾರಾಯ್ರೇ, ನುಡಿಯಲ್ಲಿ ಮಾಡಿದ ಫೈಲೆಲ್ಲ ಅದರೊಳಗೇ ಉಂಟು.’ ‘ತಡೀರಿ, ಅದು ಏನಾದ್ರೂ ಹೇಳ್ತದಾ ಕೇಳುವ’ ಎಂದು ಎರಡೂ ರ‍್ಯಾಮ್ ಕಿತ್ತಿಟ್ಟು, ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ ಆನ್ ಮಾಡಿದೆ. ಬಿಡದೆ ಬೀಪ್ ಬೀಪ್ ಎಂದು ಕೂಗಿತು. ಅವರ ಮುಖ ಸಣ್ಣಗಾಯಿತು, ನನಗೋ ಖುಷಿ. ರ‍್ಯಾಮ್ ಇಲ್ಲ ಎಂದು ದೂರುವಷ್ಟು ತ್ರಾಣ ಬೋರ್ಡಿಗೂ ಪ್ರೊಸೆಸರಿಗೂ ಇದೆ ಎಂದಾಯಿತಲ್ಲ!

ಬೆಳಕಿಗೆ ಹಿಡಿದಾಗ ರ‍್ಯಾಮಿನ ಹೊಂಬಣ್ಣದ ಹಲ್ಲುಗಳ ಮೇಲೆ ಕಂದು ಮಬ್ಬು. ಆ ಚಿನ್ನದ ಲೇಪ ತೀರಾ ತೆಳು. ತೇವವೂ ದೂಳೂ ಸೇರಿ ಅಲ್ಲೊಂದು ಪೊರೆ ಕಟ್ಟಿದರೆ ಸಂಪರ್ಕ ತಪ್ಪುತ್ತದೆ. ಮೆತ್ತನೆಯ ರಬ್ಬರಿನಲ್ಲಿ ಹಗುರವಾಗಿ, ಒಂದೇ ದಿಕ್ಕಿಗೆ ಉಜ್ಜಿದೆ. ಜೋರಾಗಿ ತಿಕ್ಕಿದರೆ ಲೇಪವೇ ಕಿತ್ತು ಬರುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ಬ್ರಷ್ಷಿನಲ್ಲಿ ಜಾಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟೆ. ಸ್ಲಾಟನ್ನೂ ಬ್ರಷ್ಷಿನಲ್ಲೇ ಚೊಕ್ಕ ಮಾಡಿದ್ದಾಯಿತು. ಆಮೇಲೆ ಒಂದೇ ರ‍್ಯಾಮನ್ನು, ಪ್ರೊಸೆಸರಿನ ಕಡೆಯಿಂದ ಎರಡನೆಯ ಸ್ಲಾಟಿನಲ್ಲಿ, ಲಾಕ್ ಟಕ್ಕೆನ್ನುವ ತನಕ ಒತ್ತಿ ಕೂರಿಸಿದೆ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಒಂಟಿ ರ‍್ಯಾಮಿಗೆ ಸಾಮಾನ್ಯವಾಗಿ ಅದೇ ಜಾಗ. ಲೋಗೋ ಮೂಡಿತು. ಯಜಮಾನರು ಪರದೆ ಬಿಟ್ಟು ನನ್ನ ಕೈಯಲ್ಲಿದ್ದ ರಬ್ಬರನ್ನೇ ನೋಡುತ್ತಿದ್ದರು.

ಇದಕ್ಕೆಲ್ಲ ಮೊದಲು ವೈರ್ ಕಿತ್ತು, ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಒಳಗುಳಿದ ಚಾರ್ಜ್ ಇಳಿಸಬೇಕು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಕೆಲಸಕ್ಕಿಳಿಯಬೇಕು. ಇದನ್ನು ಯಾರೂ ಬಿಡಬಾರದು.

ರ‍್ಯಾಮ್ ಸರಿಯಿದ್ದೂ ಪರದೆ ಕಪ್ಪಾಗಿದ್ದರೆ ಒಂದೊಂದಾಗಿ ಭಾರ ಇಳಿಸುತ್ತಾ ಹೋಗುತ್ತೇನೆ. ಹಾರ್ಡ್ ಡಿಸ್ಕ್, ಕಾರ್ಡುಗಳು, ಯುಎಸ್‌ಬಿ ಸಾಮಾನು ಎಲ್ಲ ಹೊರಗೆ. ಬೋರ್ಡ್, ಪ್ರೊಸೆಸರ್, ಅದರ ಫ್ಯಾನ್, ಒಂದು ರ‍್ಯಾಮ್ ಮಾತ್ರ ಉಳಿಯಬೇಕು; ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡೂ ಇರಲಿ. 24 ಪಿನ್ನಿನ ದೊಡ್ಡ ಕನೆಕ್ಟರಿನ ಜೊತೆ ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನದೂ ಗಟ್ಟಿಯಾಗಿ ಕೂತಿದೆಯೇ ನೋಡಬೇಕು. ಅದೊಂದು ಸಡಿಲವಾದರೆ ಫ್ಯಾನೆಲ್ಲ ತಿರುಗುತ್ತವೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಹಳದಿ ವೈರಿನಲ್ಲಿ ಮೀಟರ್ 11.4ರಿಂದ 12.6 ವೋಲ್ಟ್‌ನೊಳಗೆ ತೋರಿಸಬೇಕು. ಸಿಆರ್2032 ಸೆಲ್ ತೆಗೆದು ಬಯೋಸ್ ಸೆಟ್ಟಿಂಗನ್ನು ಮೊದಲಿನಂತಾಗಿಸಿದರೆ ಏಳುವ ಯಂತ್ರಗಳೂ ಇವೆ. ಈಚಿನ ಹಲವು ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ಪುಟ್ಟ ದೀಪಗಳಿರುತ್ತವೆ. ಯಾವುದು ಹತ್ತಿ ನಿಂತಿತೋ ಅಲ್ಲಿಂದ ಹುಡುಕಲು ಶುರುಮಾಡಬೇಕು.

ಡಿಡಿಆರ್5 ರ‍್ಯಾಮಿನ ಹೊಸ ಯಂತ್ರಗಳದ್ದು ಬೇರೆಯೇ ಕಥೆ. ಮೊದಲ ಸಲ ಆನ್ ಮಾಡಿದಾಗ ರ‍್ಯಾಮನ್ನು ಹೊಂದಿಸಿಕೊಳ್ಳಲು ಅವು ಕೆಲವು ನಿಮಿಷ ತೆಗೆದುಕೊಳ್ಳುವುದುಂಟು. ಅಷ್ಟು ಹೊತ್ತೂ ಪರದೆ ಖಾಲಿ. ಹೆದರಿ ಮಧ್ಯೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ.

ಬೋರ್ಡ್ ನಿಜವಾಗಿಯೂ ಹೋಗಿರುವುದೂ ಇದೆ: ಉಬ್ಬಿದ ಕೆಪಾಸಿಟರ್, ಸಾಕೆಟ್ಟಿನಲ್ಲಿ ಬಾಗಿದ ಪಿನ್ನು, ಸಿಡಿಲಿಗೆ ಸುಟ್ಟ ಗುರುತು. ಆಗ ದರದ ಮಾತಿಗೆ ಮೊದಲು ನಾನು ಹಾರ್ಡ್ ಡಿಸ್ಕ್ ಬಿಚ್ಚಿ, ಅವರೆದುರಿಗೇ ಇನ್ನೊಂದು ಯಂತ್ರಕ್ಕೆ ಹಾಕುತ್ತೇನೆ. ಡಿಸ್ಕ್ ಓದುವಂತಿದ್ದರೆ ಮಕ್ಕಳ ಫೋಟೊ, ಸೊಸೈಟಿಯ ಲೆಕ್ಕ, ಅರ್ಧ ಟೈಪಾದ ಪುಸ್ತಕ ಎಲ್ಲ ಅಲ್ಲಿ ಕಾಣಿಸುತ್ತವೆ. ಅದನ್ನು ನಕಲು ಮಾಡಿ ಕೊಟ್ಟ ಮೇಲೆ ಹೊಸ ಬೋರ್ಡೋ, ಹಳೆಯ ಬೋರ್ಡೋ, ಹೊಸ ಯಂತ್ರವೋ ಎಂದು ಅವರು ಮನೆಯಲ್ಲಿ ನಿಧಾನಕ್ಕೆ ಕೂತು ಯೋಚಿಸಬಹುದು.