ಗಿಟಾರ್ ಆಂಪ್‌ನ ಗಲಗಲ ಎಲ್ಲಿಂದ?

ವಿನೋಬನಗರದ ಓದುಗರೇ, ನಿಮ್ಮ ವಾಲ್ವ್ ಆಂಪ್ ‘ಎ’ ಸ್ವರಕ್ಕೆ ಮಾತ್ರ ಗಲಗುಟ್ಟುತ್ತದೆ ಎಂದು ಬರೆದಿದ್ದೀರಿ. ಅದೇ ಒಳ್ಳೆಯ ಸುಳಿವು. ಆ ಸ್ವರದ ಐದನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಸಡಿಲಾದ ಯಾವುದೋ ಭಾಗ ಆ ಕಂಪನಕ್ಕೇ ಅದುರುತ್ತಿದೆ. ಮೊದಲು ಕಿಟಕಿಯ ಗಾಜು, ಷೆಲ್ಫಿನ ಸ್ಟೀಲ್ ಲೋಟಗಳನ್ನು ಅನುಮಾನಿಸಿ. ಆಂಪನ್ನು ಬೇರೆ ಕೋಣೆಯಲ್ಲಿಟ್ಟು ನುಡಿಸಿ ನೋಡಿ. ಆಮೇಲೆ ಗೆಳೆಯರೊಬ್ಬರು ಅದೇ ಸ್ವರ ನುಡಿಸುತ್ತಿರಲಿ, ನೀವು ಹಿಂಬದಿಯ ಹಲಗೆ, ಹಿಡಿಕೆ, ಮುಂದಿನ ಬಟ್ಟೆಯ ಚೌಕಟ್ಟು ಒಂದೊಂದನ್ನೇ ಅಂಗೈಯಿಂದ ಒತ್ತಿ. ಸದ್ದು ನಿಂತಲ್ಲಿ ಸ್ಕ್ರೂ ಬಿಗಿ ಮಾಡಿ. ಸ್ಪೀಕರಿನದನ್ನು ಮಾತ್ರ ಅತಿಯಾಗಿ ಬಿಗಿಯಬೇಡಿ, ಅದರ ಫ್ರೇಮ್ ಸೊಟ್ಟಗಾದೀತು. ಅಲ್ಲೂ ಸಿಗದಿದ್ದರೆ ವಾಲ್ವ್‌ಗಳನ್ನು ಒಣ ಬಿದಿರುಕಡ್ಡಿಯಿಂದ ಮೆಲ್ಲಗೆ ತಟ್ಟಿ. ತುಸು ಟಕ್ ಎನ್ನುವುದು ಸಹಜ. ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದರೆ ಆ ವಾಲ್ವ್ ಬದಲಿಸಬೇಕು. ಷಾಸಿ ಮಾತ್ರ ಖಂಡಿತ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ. ಒಳಗಿನ ಕೆಲಸವನ್ನು ಹಳೆಯ ವಾಲ್ವ್ ರೇಡಿಯೋ ರಿಪೇರಿ ಮಾಡಿ ಪಳಗಿದವರಿಗೇ ಕೊಡಿ.